ಕನ್ನಡಿ ಮುಂದೆ ಕೂರುವ ನವಿಲು

ಪ್ರಶ್ನೆ: ನಮ್ಮದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ. ಕಳೆದ ಜೂನ್‌ನಲ್ಲಿ ರಾಗಿ ಹೊಲದ ಬದುವಿನ ಪೊದೆ ಸವರುವಾಗ ನಾಲ್ಕು ನವಿಲಿನ ಮೊಟ್ಟೆ ಸಿಕ್ಕವು. ತಾಯಿ ಹೆದರಿ ಓಡಿಹೋಗಿತ್ತು. ಹಾಳಾಗುತ್ತವಲ್ಲ ಅಂತ ತಂದು ಕಾವಿಗೆ ಕೂತಿದ್ದ ನಾಟಿ ಕೋಳಿ ಕೆಳಗೆ ಇಟ್ಟೆವು. ಎರಡು ಮರಿ ಬಂದವು. ಎರಡು ತಿಂಗಳಲ್ಲಿ ಒಂದು ಮಂಕಾಯಿತು. ಹಳದಿ ಬಣ್ಣದ ಹಿಕ್ಕೆ ಹಾಕುತ್ತಿತ್ತು, ನಾಲ್ಕು ದಿನಕ್ಕೆ ಸತ್ತುಹೋಯಿತು. ಉಳಿದ ಮರಿಗೆ ಈಗ ಎಂಟು ತಿಂಗಳು. ಮಗಳ ಹಿಂದೆಯೇ ಸುತ್ತುತ್ತದೆ. ಮಗಳು ಶಾಲೆಗೆ ಹೋದರೆ ಬೀರುವಿನ ಕನ್ನಡಿ ಮುಂದೆ ಗಂಟೆಗಟ್ಟಲೆ ಕೂರುತ್ತದೆ. ಸಂಜೆ ಒಂದೇ ಸಮನೆ ಕೂಗುತ್ತದೆ. ಅದಕ್ಕೆ ಜೋಡಿ ತರಬೇಕಾ? ಕೋಳಿಗಳ ಜೊತೆ ಬಿಟ್ಟರೆ ಸಾಕಾಗುತ್ತದಾ? ಆದಿಚುಂಚನಗಿರಿ ಹತ್ತಿರವೇ ಇದೆ, ಅಲ್ಲಿ ಬಿಟ್ಟುಬಂದರೆ ಹೇಗೆ? ಹೊರದೇಶದವರು ಮನೆಯಲ್ಲಿ ನವಿಲು ಸಾಕುವ ವಿಡಿಯೋಗಳನ್ನು ನೋಡಿದ್ದೇವೆ. ರೆಕ್ಕೆ ಬಿಚ್ಚಿದ ಫೋಟೊ ಕಳಿಸಿದ್ದೇನೆ. ಗಂಡೋ ಹೆಣ್ಣೋ ಅಂತಲೂ ತಿಳಿಸಿ.

ಉತ್ತರ: ಮೊದಲು ಸುಲಭದ್ದು ಹೇಳುತ್ತೇನೆ. ಇದು ಗಂಡು. ಫೋಟೊದಲ್ಲಿ ರೆಕ್ಕೆಯ ತುದಿಯ ಉದ್ದ ಗರಿಗಳು ತುಕ್ಕಿನ ಬಣ್ಣಕ್ಕಿವೆ, ನೋಡಿ. ಹೆಣ್ಣಿನಲ್ಲಿ ಅವು ಮಾಸಲು ಕಂದು ಇರುತ್ತವೆ. ಜುಟ್ಟು ನೋಡಿ ಹೇಳಲು ಆಗುವುದಿಲ್ಲ, ಜುಟ್ಟು ಎರಡಕ್ಕೂ ಇದೆ. ಇನ್ನು ಸ್ವಲ್ಪ ದಿನಕ್ಕೆ ಕತ್ತು ನೀಲಿಯಾಗುತ್ತಾ ಬರುತ್ತದೆ. ಪೂರ್ತಿ ಸೋಗೆ ಬರಲು ಮಾತ್ರ ಮೂರ್ನಾಲ್ಕು ವರ್ಷ ಬೇಕು.

ಈಗ ಕನ್ನಡಿಯ ವಿಷಯ. ಆ ಸಾಲು ಓದಿ ಬೇಜಾರಾಯಿತು. ಅದು ಆಟವಲ್ಲ. ಅಲ್ಲಿ ಇನ್ನೊಂದು ನವಿಲಿದೆ ಅಂದುಕೊಂಡು ಅದು ಕೂತಿದೆ. ಆ ನವಿಲು ಇದು ಕತ್ತೆತ್ತಿದರೆ ತಾನೂ ಎತ್ತುತ್ತದೆ. ಆದರೆ ದನಿ ಕೊಡುವುದಿಲ್ಲ, ಪಕ್ಕಕ್ಕೆ ಬಂದು ಕೂರುವುದಿಲ್ಲ. ಸಂಜೆ ಕೂಗುವುದೂ ಇದಕ್ಕೇ. ಹೊಲದ ನವಿಲುಗಳು ಮರ ಏರುವ ಮುಂಚೆ ಒಂದಕ್ಕೊಂದು ಕೇಕೆ ಹಾಕಿ ಎಲ್ಲೆಲ್ಲಿ ಇದ್ದೇವೆ ಅಂತ ತಿಳಿಸಿಕೊಳ್ಳುತ್ತವೆ. ನಿಮ್ಮದು ಕರೆಯುತ್ತಿದೆ, ಉತ್ತರ ಬರುತ್ತಿಲ್ಲ. ಹಾಗಾಗಿ ಅದು ಒಂಟಿ ಅಂತ ನಿಮಗೆ ಅನಿಸಿದ್ದು ಸರಿ. ಅದಕ್ಕೆ ಜೊತೆ ಖಂಡಿತ ಬೇಕು.

ಆದರೆ ಆ ಜೊತೆಯನ್ನು ನಿಮ್ಮ ಹಟ್ಟಿಗೆ ತರುವುದು ದಾರಿಯಲ್ಲ. ನಿಮ್ಮ ನವಿಲೇ ನವಿಲುಗಳಿರುವ ಕಡೆಗೆ ಹೋಗಬೇಕು. ಕಾನೂನು ಹೇಳುವುದೂ ಇದನ್ನೇ. ಆದರೆ ಕಾನೂನಿಗೆ ಆಮೇಲೆ ಬರುತ್ತೇನೆ, ಏಕೆಂದರೆ ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ನೀವು "ಜೋಡಿ" ಅಂತ ಬರೆದಿದ್ದೀರಿ. ನವಿಲಿನಲ್ಲಿ ಜೋಡಿ ಅನ್ನುವುದೇ ಇಲ್ಲ. ಗಿಳಿ, ಪಾರಿವಾಳದ ಹಾಗೆ ಗಂಡು ಹೆಣ್ಣು ಸೇರಿ ಸಂಸಾರ ಮಾಡುವ ಹಕ್ಕಿ ಇದಲ್ಲ. ಗಂಡು ತನ್ನ ಒಂದು ಜಾಗ ಹಿಡಿದು ಅಲ್ಲಿ ಗರಿ ಬಿಚ್ಚಿ ನಿಲ್ಲುತ್ತದೆ. ಹೆಣ್ಣುಗಳು ಬಂದು ನೋಡುತ್ತವೆ, ಒಪ್ಪಿಗೆಯಾದರೆ ಕೂಡುತ್ತವೆ, ಹೊರಟುಹೋಗುತ್ತವೆ. (ಕಣ್ಣೀರು ಕುಡಿದು ಗರ್ಭ ಕಟ್ಟುತ್ತದೆ ಅನ್ನುವುದು ಬರೀ ನಂಬಿಕೆ. ಬೇರೆಲ್ಲ ಹಕ್ಕಿಗಳ ಹಾಗೆಯೇ ಇವೂ ಕೂಡುತ್ತವೆ.) ನೆಲದಲ್ಲಿ ಗುಳಿ ಮಾಡಿ ನಾಲ್ಕರಿಂದ ಆರು ಮೊಟ್ಟೆ ಇಡುವುದು, ಸುಮಾರು 28 ದಿನ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು, ಎಲ್ಲವೂ ಹೆಣ್ಣಿನ ಕೆಲಸ. ಗಂಡಿಗೆ ಅದರ ಸುದ್ದಿಯೇ ಇಲ್ಲ.

ಹಾಗಾದರೆ ಜೊತೆ ಅಂದರೆ ಏನು? ಗುಂಪು. ಮೇಯುವಾಗ ಒಂದು ತಲೆ ತಗ್ಗಿಸಿದರೆ ಇನ್ನೊಂದು ತಲೆ ಎತ್ತಿರುತ್ತದೆ. ನಾಯಿಯನ್ನೋ ಚಿರತೆಯನ್ನೋ ಒಂದು ಕಂಡರೆ ಎಲ್ಲಕ್ಕೂ ಗೊತ್ತಾಗುತ್ತದೆ. ರಾತ್ರಿ ಒಂದೇ ಎತ್ತರದ ಮರದಲ್ಲಿ ಹತ್ತಿರ ಹತ್ತಿರ ಕೂರುತ್ತವೆ. ನಿಮ್ಮದರ ವಯಸ್ಸಿನ ಗಂಡುಗಳು ಇನ್ನೂ ತಾಯಿ, ಒಡಹುಟ್ಟಿದವುಗಳ ಸುತ್ತಮುತ್ತಲೇ ಇರುತ್ತವೆ. ಆಮೇಲೆ ತಮ್ಮದೇ ವಯಸ್ಸಿನ ಗಂಡುಗಳ ಜೊತೆ ತಿರುಗುತ್ತವೆ. ದೊಡ್ಡ ಗಂಡು ಗರಿ ಬಿಚ್ಚುವುದನ್ನು ನೋಡುತ್ತವೆ, ಸೋಗೆ ಇಲ್ಲದಿದ್ದರೂ ಚೋಟು ಬಾಲ ಎತ್ತಿ ಅಭ್ಯಾಸ ಮಾಡುತ್ತವೆ. ಬೇಲಿ ಹತ್ತಿರ ನಿಂತು ನೋಡಿದರೆ ನಿಮಗೂ ಕಾಣಿಸುತ್ತದೆ. ಇದನ್ನೆಲ್ಲ ನಿಮ್ಮ ಮಗಳು ಎಷ್ಟೇ ಪ್ರೀತಿಯಿಂದ ಸಾಕಿದರೂ ಕಲಿಸಲು ಆಗುವುದಿಲ್ಲ. ಅದು ಅವಳ ತಪ್ಪಲ್ಲ.

ಮರಿ ತಾಯಿಗೆ ಎಷ್ಟು ಅಂಟಿಕೊಂಡಿರುತ್ತದೆ ಅನ್ನುವುದಕ್ಕೆ ಒಂದು ವಿಷಯ ಹೇಳಬೇಕು. ಕೋಳಿಮರಿ ಹುಟ್ಟಿದ ದಿನವೇ ನೆಲ ಕುಕ್ಕುತ್ತದೆ. ನವಿಲುಮರಿ ಮೊದಲ ದಿನಗಳಲ್ಲಿ ತಾಯಿಯ ಕೊಕ್ಕನ್ನು ನೋಡುತ್ತದೆ. ತಾಯಿ ಹುಳ ಹಿಡಿದು ಕೊಕ್ಕಿನ ತುದಿಯಲ್ಲಿ ಒಡ್ಡುತ್ತದೆ, ಮರಿ ಅಲ್ಲಿಂದ ತೆಗೆದುಕೊಳ್ಳುತ್ತದೆ. ಅದಕ್ಕೇ ಯಂತ್ರದಲ್ಲಿ ಕಾವು ಕೊಟ್ಟು ಹುಟ್ಟಿಸಿದ ಕೆಲವು ಮರಿಗಳು ಮುಂದೆ ಕಾಳು ಹಾಕಿದರೂ ತಿನ್ನದೆ ಒಣಗುತ್ತವೆ. ಹೊರದೇಶದಲ್ಲಿ ನವಿಲು ಸಾಕುವವರು ತಿನ್ನುವುದನ್ನು ಕಲಿಸಲು ಜೊತೆಗೊಂದು ಕೋಳಿಮರಿ ಬಿಡುವುದುಂಟು. ಎರಡು ವಾರಕ್ಕೆಲ್ಲ ಮರಿ ಹಾರಿ ಕೊಂಬೆ ಹಿಡಿಯುತ್ತದೆ. ಆಗಲೂ ಮಲಗುವುದು ತಾಯಿಯ ಪಕ್ಕದಲ್ಲೇ.

ಜುಟ್ಟು ಬರೀ ಅಂದಕ್ಕೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಗಂಡು ಗರಿ ಬಿಚ್ಚಿ ನಿಂತಾಗ ಸುಮ್ನೆ ನಿಲ್ಲುವುದಿಲ್ಲ. ಸೆಕೆಂಡಿಗೆ ಸುಮಾರು 25 ಸಲ ಗರಿಗಳನ್ನು ಅದುರಿಸುತ್ತದೆ. ನಮಗೆ ಬರೀ ಸರಸರ ಸದ್ದು ಕೇಳಿಸುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜುಟ್ಟಿನ ಗರಿಗಳನ್ನು ಅಳೆದು ನೋಡಿದರು. ಅವು ಹೆಚ್ಚುಕಡಿಮೆ ಅದೇ ವೇಗಕ್ಕೆ ತಾನಾಗಿ ಕಂಪಿಸುವ ಹಾಗಿವೆ. ಅಂದರೆ ಎದುರಿನ ನವಿಲಿನ ಅದುರುವಿಕೆಯನ್ನು ಈ ನವಿಲು ತಲೆಯ ಮೇಲೆಯೇ ಮುಟ್ಟಿದ ಹಾಗೆ ತಿಳಿಯುತ್ತಿರಬಹುದು. ಇನ್ನೊಂದು ನವಿಲಿಗಾಗಿಯೇ ಮೈ ಇಷ್ಟು ಸೂಕ್ಷ್ಮವಾಗಿ ರೂಪುಗೊಂಡ ಹಕ್ಕಿಯನ್ನು ಒಂದು ಕೋಣೆ, ಒಂದು ಕನ್ನಡಿ ಮುಂದೆ ಇಡುವುದು ನನಗೆ ನೋಡಲಾಗುವುದಿಲ್ಲ.

ಇದು ಓದಿ ತಿಳಿದದ್ದು ಮಾತ್ರವಲ್ಲ. ನಾನು ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಶ್ರೀರಂಗಪಟ್ಟಣದ ಕಡೆಯ ಒಂದು ತೋಟದ ಮನೆಗೆ ಹಸು ನೋಡಲು ಹೋಗುತ್ತಿದ್ದೆ. ಅಲ್ಲೊಂದು ನವಿಲುಮರಿ ಇತ್ತು, ನಿಮ್ಮದರ ಹಾಗೆಯೇ ಬದುವಿನಲ್ಲಿ ಸಿಕ್ಕಿದ್ದು. ಮನೆಯ ಅಜ್ಜನ ಹೆಗಲೇರಿ ಕೂರುತ್ತಿತ್ತು. ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ, "ಇರಲಿ ಬಿಡಿ, ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಲ್ಲ" ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು.

ಮೂರನೇ ವರ್ಷ ಅದಕ್ಕೆ ಸೋಗೆ ಬಂತು. ಅಂಗಳದಲ್ಲಿ ನೀರು ತುಂಬಿಸುವ ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು. ದಿನಾ ಬೆಳಿಗ್ಗೆ ಆ ಡ್ರಮ್ಮಿನ ಮುಂದೆ ಗರಿ ಬಿಚ್ಚಿ ಕುಣಿಯುತ್ತಿತ್ತು. ನಾಲೆಯ ಆಚೆ ಹೆಣ್ಣು ನವಿಲುಗಳು ಮೇಯುತ್ತಿದ್ದರೂ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅಜ್ಜ ಡ್ರಮ್ಮಿನ ಹತ್ತಿರ ಹೋದರೆ ಮೈಮೇಲೆ ಬೀಳುತ್ತಿತ್ತು. ಒಂದು ದಿನ ಕಾಲಿನ ಮುಳ್ಳಿನಿಂದ ಒದ್ದು ಅವರ ಮೊಣಕಾಲ ಕೆಳಗೆ ಸೀಳಿಹಾಕಿತು. ಏಳು ಹೊಲಿಗೆ ಬಿತ್ತು. ಹೆಗಲೇರುತ್ತಿದ್ದ ಅದೇ ಹಕ್ಕಿ. ಅದಕ್ಕೆ ಮನುಷ್ಯ ಅಂದರೆ ಇನ್ನೊಂದು ಗಂಡು ನವಿಲು, ಎದುರಾಳಿ. ಆಮೇಲೆ ಅದನ್ನು ಕಟ್ಟಿಹಾಕಿದರು, ಗರಿ ಮುರಿಯಿತು. ಕೊನೆಗೆ ಒಂದು ರಾತ್ರಿ ನಾಯಿಗಳ ಪಾಲಾಯಿತು. ನಾಯಿ ಕಂಡರೆ ಹೆದರಬೇಕು ಅಂತ ಅದಕ್ಕೆ ಯಾರೂ ಕಲಿಸಿರಲಿಲ್ಲ.

ಕೊನ್ರಾಡ್ ಲೊರೆನ್ಜ್ ಅಂತ ಆಸ್ಟ್ರಿಯಾದ ವಿಜ್ಞಾನಿ ಇದ್ದರು. ಹಕ್ಕಿಮರಿಗಳು ಹುಟ್ಟಿದ ಹೊಸದರಲ್ಲಿ ಕಂಡದ್ದನ್ನೇ ತಮ್ಮವರು ಅಂತ ಹೇಗೆ ತಿಳಿಯುತ್ತವೆ ಅನ್ನುವುದನ್ನು ಜಗತ್ತಿಗೆ ತೋರಿಸಿಕೊಟ್ಟವರು. 1973ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ವಿಯೆನ್ನಾ ಮೃಗಾಲಯದ ಒಂದು ನವಿಲಿನ ಕಥೆ ಹೇಳಿದ್ದಾರೆ. ಚಳಿಗೆ ಒಡಹುಟ್ಟಿದವೆಲ್ಲ ಸತ್ತು ಒಂದೇ ಮರಿ ಉಳಿದಿತ್ತು. ಬೆಚ್ಚಗಿರಲಿ ಅಂತ ಅದನ್ನು ದೈತ್ಯ ಆಮೆಗಳ ಕೋಣೆಯಲ್ಲಿ ಬೆಳೆಸಿದರು. ದೊಡ್ಡದಾದ ಮೇಲೆ ಆ ನವಿಲು ಬದುಕಿರುವ ತನಕ ಆಮೆಗಳಿಗೇ ಗರಿ ಬಿಚ್ಚಿತು. ಹೆಣ್ಣು ನವಿಲುಗಳು ಅದರ ಕಣ್ಣಿಗೆ ಬೀಳಲೇ ಇಲ್ಲ. ಇದನ್ನು ಓದಿದಾಗ ನನಗೆ ಆ ನೀಲಿ ಡ್ರಮ್ಮೇ ಕಣ್ಣಮುಂದೆ ಬಂತು.

ನಿಮ್ಮ ಮರಿಗೆ ಇನ್ನೂ ಅವಕಾಶ ಇದೆ ಅಂತ ನನ್ನ ಅನಿಸಿಕೆ. ಎರಡು ತಿಂಗಳು ಅದು ತನ್ನ ಜೊತೆ ಹುಟ್ಟಿದ ಮರಿಯೊಂದಿಗೆ ಬೆಳೆದಿದೆ. ಪೂರಾ ಒಂಟಿಯಾಗಿ ಕೈಯಲ್ಲೇ ಬೆಳೆದ ಮರಿಗಿಂತ ಇದು ಬಹಳ ವಾಸಿ. ಇನ್ನೂ ವರ್ಷ ತುಂಬಿಲ್ಲ. ಆದರೆ ಒಂದೊಂದು ತಿಂಗಳು ಕಳೆದಂತೆ ಆ ಅವಕಾಶ ಕಡಿಮೆಯಾಗುತ್ತದೆ. ಅದಕ್ಕೇ ಈ ಉತ್ತರದಲ್ಲಿ ಅವಸರ ಮಾಡುತ್ತಿದ್ದೇನೆ.

ಕೋಳಿಗಳ ಜೊತೆ ಬಿಡಬೇಡಿ. ಸತ್ತ ಮರಿ ಮಂಕಾಗಿ ಹಳದಿ ಹಿಕ್ಕೆ ಹಾಕುತ್ತಿತ್ತು ಅಂತ ಬರೆದಿದ್ದೀರಿ. ದೇಹ ಪರೀಕ್ಷೆ ಮಾಡದೆ ಇದೇ ಕಾಯಿಲೆ ಅನ್ನಲಾಗದು. ಆದರೆ ಕಪ್ಪುತಲೆ ರೋಗ ಅಂತ ಒಂದಿದೆ, ಹಿಸ್ಟೊಮೋನಾಸ್ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ. ಗಂಧಕದ ಹಾಗೆ ಹಳದಿಯಾದ ಹಿಕ್ಕೆ ಅದರ ಗುರುತು. ಈ ಜೀವಿ ಕೋಳಿಯ ಕರುಳಿನ ಹುಳದ ಮೊಟ್ಟೆಯೊಳಗೆ ಸೇರಿ ಮಣ್ಣಿಗೆ ಬೀಳುತ್ತದೆ, ಎರೆಹುಳದ ಮೈಯಲ್ಲೂ ಉಳಿಯುತ್ತದೆ. ಕೋಳಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಅದೇ ಮಣ್ಣು ಕೆದಕಿದ ನವಿಲುಮರಿಯ ಕರುಳು, ಪಿತ್ತಜನಕಾಂಗ (ಲಿವರ್) ಎರಡನ್ನೂ ಹಾಳುಮಾಡುತ್ತದೆ. ರಾಣಿಖೇತ್ ಕಾಯಿಲೆಯೂ ಕೋಳಿಯಿಂದ ನವಿಲಿಗೆ ಬರುತ್ತದೆ. ಅಷ್ಟಕ್ಕೂ ಕೋಳಿಯ ಭಾಷೆ ಬೇರೆ, ನವಿಲಿನದು ಬೇರೆ. ಜೊತೆಯಲ್ಲಿ ಇದ್ದ ಹಾಗೆ ಕಾಣಿಸುತ್ತದೆ ಅಷ್ಟೇ.

ಆದಿಚುಂಚನಗಿರಿಯ ಯೋಚನೆ ಬರುವುದು ಸಹಜ. ಬೆಟ್ಟದ ಸುತ್ತಲಿನ ಕಾಡನ್ನು 1981ರಲ್ಲಿ ನವಿಲಿಗಾಗಿಯೇ ಅಭಯಾರಣ್ಯ ಮಾಡಿದರು. ಒಂದು ಚದರ ಕಿಲೋಮೀಟರೂ ಇಲ್ಲದ ಚಿಕ್ಕ ಜಾಗ ಅದು. ಅಲ್ಲಿ ಈಗಾಗಲೇ ತಮ್ಮ ತಮ್ಮ ಜಾಗ ಹಿಡಿದಿರುವ ಗಂಡುಗಳಿವೆ. ಮನುಷ್ಯರನ್ನು ಕಂಡರೆ ಹತ್ತಿರ ಬರುವ ಹಕ್ಕಿಯನ್ನು ಅಲ್ಲಿ ಬಿಟ್ಟರೆ ನಾಯಿ ಮತ್ತು ಕಿಡಿಗೇಡಿ ಜನ, ಎರಡಕ್ಕೂ ಸುಲಭದ ಬೇಟೆ. ಕೋಳಿಯ ಕಾಯಿಲೆ ಇದರ ಮೈಯಲ್ಲಿ ಇದ್ದರೆ ಕಾಡಿನ ನವಿಲುಗಳಿಗೂ ಅಂಟಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಕಾನೂನು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಹುಲಿ ಆನೆ ಇರುವ ಪಟ್ಟಿಯಲ್ಲಿ. ಮನೆಯಲ್ಲಿ ಸಾಕುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ದಂಡ. ಗೂಡಿನಿಂದ ಮೊಟ್ಟೆ ತೆಗೆಯುವುದೂ ಕಾಯ್ದೆಯ ಪ್ರಕಾರ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಕಾಡುಪ್ರಾಣಿ ಯಾರ ಕೈಗಾದರೂ ಬಂದರೆ 48 ಗಂಟೆಯೊಳಗೆ ಅರಣ್ಯ ಅಧಿಕಾರಿಗೋ ಪೊಲೀಸ್ ಠಾಣೆಗೋ ತಿಳಿಸಬೇಕು. ಯಾರಾದರೂ "ಜೋಡಿ ಕೊಡಿಸುತ್ತೇನೆ" ಅಂದರೆ ಅದು ಕದ್ದ ಹಕ್ಕಿ ಅಂತಲೇ ತಿಳಿಯಿರಿ. ಬಿಳಿ ನವಿಲಾದರೂ ಅಷ್ಟೇ. ಅದು ಬೇರೆ ಜಾತಿಯಲ್ಲ, ಬಣ್ಣ ಕಳೆದುಕೊಂಡ ಇದೇ ನವಿಲು.

ಗರಿಯ ವಿಷಯ ಮಾತ್ರ ಬೇರೆ. ಮಳೆಗಾಲ ಕಳೆಯುತ್ತಿದ್ದ ಹಾಗೆ ಗಂಡಿನ ಸೋಗೆ ತಾನಾಗಿ ಉದುರುತ್ತದೆ. ಹಾಗೆ ಉದುರಿದ ಗರಿ ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಮರಿ ಹಾಕುತ್ತದೆ ಅಂತ ಪುಸ್ತಕದ ಮಧ್ಯೆ ಇಟ್ಟು ದಿನಾ ತೆರೆದು ನೋಡುವ ಸಂತೋಷ ನಿಮ್ಮ ಮಗಳಿಗೂ ಇರಲಿ.

ಹೊರದೇಶದ ವಿಡಿಯೋಗಳ ಬಗ್ಗೆ ಕೇಳಿದಿರಿ. ಅಮೆರಿಕ, ಇಂಗ್ಲೆಂಡಿನಲ್ಲಿ ಇದು ಹೊರಗಿನಿಂದ ತಂದ ಹಕ್ಕಿ, ಅಲ್ಲಿ ಅದನ್ನು ಸಾಕಬಹುದು. ಆದರೆ ಅಲ್ಲಿಯ ಅನುಭವಸ್ಥರೂ ಒಂದೇ ನವಿಲು ಸಾಕಬೇಡಿ ಅಂತಲೇ ಹೇಳುತ್ತಾರೆ. ಒಂದು ಗಂಡಿಗೆ ಎರಡು ಮೂರು ಹೆಣ್ಣಾದರೂ ಇರಬೇಕು. ಎತ್ತರದ ದೊಡ್ಡ ಪಂಜರ ಬೇಕು, ಸೋಗೆ ನೆಲಕ್ಕೆ ತಾಗದ ಹಾಗೆ ಕೂರುವ ಕೊಂಬೆ ಬೇಕು. ಚೆನ್ನಾಗಿ ನೋಡಿಕೊಂಡರೆ 20 ವರ್ಷ ಬದುಕುವ ಹಕ್ಕಿ ಅದು. ವಿಡಿಯೋದಲ್ಲಿ ಅರ್ಧ ನಿಮಿಷ ಗರಿ ಬಿಚ್ಚಿದ್ದು ಕಾಣುತ್ತದೆ. ಕೂಗಿಗೆ ಅಕ್ಕಪಕ್ಕದವರು ಜಗಳಕ್ಕೆ ಬಂದದ್ದು, ಕಾರಿನ ಬಾಗಿಲಲ್ಲಿ ತನ್ನದೇ ನೆರಳು ಕಂಡು ಕುಕ್ಕಿ ಬಣ್ಣ ಕಿತ್ತದ್ದು ಕಾಣುವುದಿಲ್ಲ.

ಈಗ ನೀವು ಮಾಡಬೇಕಾದದ್ದು. ಹೆದರಿಕೊಂಡು ರಾತ್ರೋರಾತ್ರಿ ಹೊಲಕ್ಕೆ ಬಿಡಬೇಡಿ. ಅದು ಹಕ್ಕಿಗೂ ಕೇಡು, ನಿಮಗೂ ಕೇಡು. ನಾಗಮಂಗಲದ ವಲಯ ಅರಣ್ಯ ಅಧಿಕಾರಿಯ ಕಚೇರಿಗೆ ಹೋಗಿ, ನಡೆದದ್ದನ್ನು ನನಗೆ ಬರೆದ ಹಾಗೆಯೇ ಬರೆದುಕೊಡಿ. ಮೊಟ್ಟೆ ಸಿಕ್ಕ ದಿನ, ಜಾಗ, ಸತ್ತ ಮರಿಯ ವಿಷಯ, ಯಾವುದನ್ನೂ ಮುಚ್ಚಿಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಫೋನ್ ಮಾಡಬಹುದು. ತಡವಾಗಿದೆ ನಿಜ. ಏನು ಕ್ರಮ ಅನ್ನುವುದು ಅವರ ತೀರ್ಮಾನ. ಆತಂಕ ಇದ್ದರೆ ಊರಿನ ಪಶುವೈದ್ಯರನ್ನೋ ಪರಿಚಯದ ವಕೀಲರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಆದರೆ ತಾನಾಗಿ ಬಂದು ಒಪ್ಪಿಸುವುದಕ್ಕೂ ಸಿಕ್ಕಿಬೀಳುವುದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ?

ಹಕ್ಕಿಯನ್ನು ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಇಲಾಖೆ ನಿರ್ಧರಿಸುತ್ತದೆ. ಮೈಸೂರು ಮೃಗಾಲಯಕ್ಕೆ ಸೇರಿದ ಪುನರ್ವಸತಿ ಕೇಂದ್ರ ಕೂರ್ಗಳ್ಳಿಯಲ್ಲಿದೆ. ಕಾರಂಜಿ ಕೆರೆಯ ದೊಡ್ಡ ಪಕ್ಷಿಧಾಮದ ಬಲೆಯೊಳಗೆ ನವಿಲುಗಳು ಗುಂಪಾಗಿ ಓಡಾಡುವುದನ್ನು ನೀವೂ ನೋಡಿರಬಹುದು. ಕಾಡಿಗೆ ಮರಳಲು ಆಗದ ಹಕ್ಕಿಗೂ ತನ್ನವರ ನಡುವೆ ಬಾಳಲು ದಾರಿ ಇದೆ ಅಂತ ತಿಳಿಯಲಿ ಎಂದು ಇದನ್ನು ಹೇಳಿದೆ. ಕೊಡುವಾಗ ಎರಡು ವಿಷಯ ತಪ್ಪದೆ ಹೇಳಿ. ಕೋಳಿಯ ಜೊತೆ ಬೆಳೆದಿದೆ, ಹಿಕ್ಕೆ ಪರೀಕ್ಷೆ ಆಗುವ ತನಕ ಬೇರೆ ಇಡಿ ಅಂತ. ಮನುಷ್ಯರ ಕೈಯಲ್ಲಿ ಬೆಳೆದಿದೆ, ನಿಧಾನವಾಗಿ ಬೇರೆ ನವಿಲುಗಳ ಪಕ್ಕದ ಬಲೆಯಲ್ಲಿಟ್ಟು ಆಮೇಲೆ ಸೇರಿಸಿ ಅಂತ.

ಅಲ್ಲಿಯ ತನಕದ ನಾಲ್ಕು ದಿನ ಹೇಗೆ? ಕನ್ನಡಿಗೆ ಬಟ್ಟೆ ಹೊದಿಸಿ. ಹಕ್ಕಿಯನ್ನು ಮನೆಯೊಳಗಿಂದ ಹೊರಗೆ ತನ್ನಿ, ನಾಯಿ ನುಗ್ಗದ ಕಡೆ, ಕೋಳಿ ಓಡಾಡದ ನೆಲದಲ್ಲಿ ಇಡಿ. ರಾತ್ರಿ ಕೂರಲು ಎತ್ತರದಲ್ಲಿ ದಪ್ಪ ಕೊಂಬೆ ಕಟ್ಟಿ. ಹೊಲದ ನವಿಲುಗಳ ಕೂಗು ಕೇಳಿಸುವ ದಿಕ್ಕಾದರೆ ಒಳ್ಳೆಯದು, ಉತ್ತರ ಬಂದರೆ ಅದಕ್ಕೆ ಸಮಾಧಾನ. ಅನ್ನ ಹಾಲು, ಬಿಸ್ಕೆಟ್, ಮಿಕ್ಸ್‌ಚರ್ ಬೇಡವೇ ಬೇಡ. ರಾಗಿ, ಜೋಳ, ನೆನೆಸಿದ ಕಡಲೆ, ಸೊಪ್ಪು, ಟೊಮೆಟೊ ಕೊಡಿ. ಗೆದ್ದಲು, ಮಿಡತೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ಎತ್ತಿಕೊಳ್ಳುವುದು, ಸವರುವುದು ಕಡಿಮೆ ಮಾಡಿ. ಮಗಳಿಗೆ ಇದು ಕಷ್ಟ. ಅವಳಿಗೆ ಸುಳ್ಳು ಹೇಳಬೇಡಿ. "ಹಾರಿಹೋಯಿತು" ಅಂದರೆ ಅವಳು ಕಾಯುತ್ತಲೇ ಇರುತ್ತಾಳೆ. ಒಪ್ಪಿಸಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಅದು ದಿನಾ ಎಷ್ಟು ಹೊತ್ತಿಗೆ ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಅಂತ ಅಧಿಕಾರಿಗೆ ಅವಳೇ ಹೇಳಲಿ. ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.

ಇನ್ನೊಂದು ಮಾತು, ಬರುವ ಜೂನ್‌ಗಾಗಿ. ಮತ್ತೆ ಪೊದೆ ಸವರುವಾಗ ಮೊಟ್ಟೆ ಕಂಡರೆ ಮುಟ್ಟಬೇಡಿ. ತಾಯಿ ಓಡಿದ್ದು ಬಿಟ್ಟುಹೋಗಲಿಕ್ಕಲ್ಲ, ನೀವು ಅಲ್ಲಿ ನಿಂತಿದ್ದೀರಿ ಅಂತ. ಗೂಡಿನ ಸುತ್ತ ಹತ್ತು ಹೆಜ್ಜೆ ಪೊದೆ ಹಾಗೇ ಬಿಟ್ಟು ಕೆಲಸ ಬೇರೆ ಕಡೆಗೆ ತಿರುಗಿಸಿ. ನಾಯಿಯನ್ನು ಕಟ್ಟಿಹಾಕಿ. ನೋಡಲು ಮತ್ತೆ ಮತ್ತೆ ಹೋಗಬೇಡಿ. ನೀವು ಓಡಾಡಿದ ಜಾಡು ಹಿಡಿದು ನಾಯಿಯೋ ಮುಂಗುಸಿಯೋ ಗೂಡಿಗೆ ಬರುತ್ತದೆ. ಸಾಮಾನ್ಯವಾಗಿ ಗದ್ದಲ ಅಡಗಿದ ಮೇಲೆ ತಾಯಿ ವಾಪಸ್ ಬಂದು ಕೂರುತ್ತದೆ. 28 ದಿನ ಆ ಒಂದು ಮೂಲೆಯನ್ನು ಬಿಟ್ಟರೆ ಸಾಕು. ಮರಿಗಳು ಒಡೆದು ಬಂದ ಮೇಲೆ ತಾಯಿ ಅವುಗಳನ್ನು ಕರೆದುಕೊಂಡು ತಾನೇ ಹೊರಟುಹೋಗುತ್ತದೆ, ಆಮೇಲೆ ನೀವು ಪೊದೆ ಸವರಬಹುದು.